ಎರಡೂ ಪಟ್ಟಿ ಒಂದೇ ಪುಸ್ತಕದಲ್ಲಿ ಬರಲಿ

ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ ಕಲಬುರಗಿಯಲ್ಲಿ ಸರ್ದಾರ್ ಪಟೇಲರ ಪುತ್ಥಳಿಗೆ ಹಾರ ಬೀಳುತ್ತದೆ. ಧ್ವಜ ಏರುತ್ತದೆ, ಕವಾಯತು ನಡೆಯುತ್ತದೆ, ಭಾಷಣವಾಗುತ್ತದೆ. ಮೊದಲು ಅದು ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವಾಗಿತ್ತು. 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಇತ್ತ ಹೈದರಾಬಾದಿನಲ್ಲಿ ಅದೇ ದಿನವನ್ನು ಕೇಂದ್ರ ಸರ್ಕಾರ ವಿಮೋಚನೆ ಎಂದು ಕರೆಯುತ್ತದೆ. ತೆಲಂಗಾಣ ಸರ್ಕಾರ 2022ರಲ್ಲಿ ರಾಷ್ಟ್ರೀಯ ಏಕತಾ ದಿನವೆಂದಿತು; ಸರ್ಕಾರ ಬದಲಾಯಿತು, 2024ರಲ್ಲಿ ಪ್ರಜಾಪಾಲನಾ ದಿನವಾಯಿತು. ಒಂದು ತಾರೀಖಿನ ಹೆಸರಿಗಾಗಿ ಇಷ್ಟು ಜಗ್ಗಾಟ ನಡೆಸುವ ನಾವು, 1948ರಲ್ಲಿ ಅದರ ಮರುದಿನ ಏನಾಯಿತು, ಮರುವಾರ ಏನಾಯಿತು, ಆ ಅಕ್ಟೋಬರಿನಲ್ಲಿ ಏನಾಯಿತು ಎಂದು ಕೇಳುವುದೇ ಇಲ್ಲ.

ಕೇಳಬೇಕಾದವರಲ್ಲಿ ಮೊದಲಿಗರು ನನ್ನಂಥವರು. ಹೈದರಾಬಾದಿನ ಕೊಂಡಾಪುರದ ಬಟಾನಿಕಲ್ ಗಾರ್ಡನ್ ಸುತ್ತಮುತ್ತ, ಕೊತ್ತಗೂಡದ ಕಡೆ, ಗಾಜಿನ ಕಟ್ಟಡಗಳ ಕೆಳಗಿನ ಚಹಾದ ಅಂಗಡಿಗಳಲ್ಲಿ ಕಿವಿಗೆ ಬೀಳುವ ಕನ್ನಡ ಹೆಚ್ಚಾಗಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನದು. ವಾರದ ಕೊನೆಗೆ ಲಿಂಗಂಪಲ್ಲಿಯಲ್ಲಿ ರೈಲು ಹತ್ತಿದರೆ ವಿಕಾರಾಬಾದ್, ತಾಂಡೂರು, ಸೇಡಂ, ಚಿತ್ತಾಪುರ, ವಾಡಿ ದಾಟಿ ನಮ್ಮ ಮನೆ. ಬಸ್ಸಿನವರಿಗೆ ಮುಂಬೈ ಹೆದ್ದಾರಿ: ಸಂಗಾರೆಡ್ಡಿ, ಜಹೀರಾಬಾದ್, ಹುಮನಾಬಾದ್, ಬಸವಕಲ್ಯಾಣ. ಈ ಎರಡು ದಾರಿಗಳ ಎಡಬಲಕ್ಕಿರುವ ಹಳ್ಳಿಗಳ ಬಗ್ಗೆಯೇ ನಾನು ಮಾತಾಡುತ್ತಿರುವುದು. ಅವುಗಳನ್ನು ನಿದ್ದೆಗಣ್ಣಿನಲ್ಲಿ ದಾಟುತ್ತೇವೆ. ಕಿಟಕಿಯಾಚೆ ಪಾಳುಬಿದ್ದ ಒಂದು ಮಸೀದಿಯ ಗೋಡೆ, ಬೇಲಿಯಿಲ್ಲದ ಕಬರಸ್ತಾನ, ಯಾರೂ ನೀರು ಸೇದದ ಬಾವಿ ಕಂಡರೂ ಅವು ನಮ್ಮಲ್ಲಿ ಯಾವ ಪ್ರಶ್ನೆಯನ್ನೂ ಎಬ್ಬಿಸುವುದಿಲ್ಲ.

ಕಥೆಯ ಮೊದಲ ಅರ್ಧ ನಮಗೆ ಗೊತ್ತು. ಅದು ಸುಳ್ಳೂ ಅಲ್ಲ. 1947ರಲ್ಲಿ ಹೈದರಾಬಾದ್ ಸಂಸ್ಥಾನದ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತ ಒಕ್ಕೂಟಕ್ಕೆ ಸೇರಲು ಒಪ್ಪಲಿಲ್ಲ. ಲಾತೂರಿನ ವಕೀಲ ಕಾಸಿಂ ರಜ್ವಿಯ ಸಶಸ್ತ್ರ ಪಡೆಯಾದ ರಜಾಕಾರರು ಹಳ್ಳಿಹಳ್ಳಿಗೆ ನುಗ್ಗಿ ಸುಲಿದರು, ಸುಟ್ಟರು, ಕೊಂದರು. ಸಾವಿರಾರು ಕುಟುಂಬಗಳು ಗಡಿಯಾಚೆ ಓಡಿದವು. ಬಸವಕಲ್ಯಾಣ ಸೀಮೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಹತರಾದರು. ರಜಾಕಾರರನ್ನು ವಿರೋಧಿಸಿದ ಮುಸ್ಲಿಮರಿಗೂ ಉಳಿಗಾಲವಿರಲಿಲ್ಲ. 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಅವರನ್ನು ಆಗಸ್ಟ್ ತಿಂಗಳ ಒಂದು ರಾತ್ರಿ ಕಾಚಿಗುಡದಲ್ಲಿ ಕೊಚ್ಚಿ ಕೊಂದರು. ಗೋರ್ಟಾದಲ್ಲಿ ಈಗ ಹುತಾತ್ಮರ ಸ್ಮಾರಕವಿದೆ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಇರಬೇಕಾದ್ದೇ. ಎಪ್ಪತ್ತೈದು ವರ್ಷ ತಡವಾಯಿತು ಎಂಬುದಷ್ಟೇ ನನ್ನ ದೂರು.

ಎರಡನೆಯ ಅರ್ಧ ಹೀಗಿದೆ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ನಾನಾ ದಿಕ್ಕಿನಿಂದ ಒಳಬಂತು. 17ಕ್ಕೆ ನಿಜಾಮ ರೇಡಿಯೋದಲ್ಲಿ ಸೋಲೊಪ್ಪಿದ, 18ಕ್ಕೆ ಅವನ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಜೆ. ಎನ್. ಚೌಧರಿಯವರ ಮುಂದೆ ಶರಣಾದ. ಯುದ್ಧ ಮುಗಿಯಿತು, ಕೊಲೆ ಮುಗಿಯಲಿಲ್ಲ. ರಜಾಕಾರ ಎಂದರೆ ಮುಸ್ಲಿಮ, ಮುಸ್ಲಿಮ ಎಂದರೆ ರಜಾಕಾರ ಎಂಬ ಲೆಕ್ಕ ಹಳ್ಳಿಗಳಲ್ಲಿ ಹಬ್ಬಿತು. ನೇಕಾರ, ಪಿಂಜಾರ, ಕಸಾಯಿ, ಕೂಲಿಯವ, ಚಾವಡಿಯ ಗುಮಾಸ್ತ, ಯಾರೆಂದು ನೋಡಲಿಲ್ಲ. ದಿಲ್ಲಿಗೆ ಸುದ್ದಿ ಮುಟ್ಟಿತು. ಪ್ರಧಾನಿ ನೆಹರೂ ಅವರು ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಈ ಮೂವರನ್ನು ಕಳಿಸಿದರು. ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಅವರು ಸಂಸ್ಥಾನದ 16 ಜಿಲ್ಲೆಗಳ ಪೈಕಿ ಒಂಬತ್ತರಲ್ಲಿ ತಿರುಗಿದರು. ತಾವು ಹೋಗಲಾಗದ 109 ಹಳ್ಳಿಗಳ ಐನೂರಕ್ಕೂ ಹೆಚ್ಚು ಜನರನ್ನು ಕೂರಿಸಿ ಕೇಳಿದರು. ಬಾವಿಗಳಲ್ಲಿ ಕೊಳೆಯುತ್ತಿದ್ದ ಹೆಣಗಳನ್ನು ಕಣ್ಣಾರೆ ಕಂಡರು. ಬಹಳ ಎಚ್ಚರದಿಂದ ಕಟ್ಟಿದ ಅಂದಾಜು ಎನ್ನುತ್ತಲೇ, ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಅದರ ನಂತರ ಸತ್ತವರು 27,000ದಿಂದ 40,000 ಎಂದು ಬರೆದರು. ಅತಿ ಹೆಚ್ಚು ಸಾವಾದ ನಾಲ್ಕು ಜಿಲ್ಲೆಗಳನ್ನು ಹೆಸರಿಸಿದರು: ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್. ಈ ನಾಲ್ಕರಲ್ಲೇ 18,000, ಪ್ರಾಯಶಃ ಇನ್ನೂ ಹೆಚ್ಚು.

ಮತ್ತೊಮ್ಮೆ ಓದಿ. ಗುಲ್ಬರ್ಗ. ಬೀದರ್. ನಮ್ಮ ಆಧಾರ್ ಕಾರ್ಡಿನ ಮೇಲೆ ಇದ್ದ ಊರುಗಳು.

ಲಾತೂರಿನಲ್ಲಿ ಹತ್ಯೆ ಇಪ್ಪತ್ತು ದಿನಕ್ಕೂ ಹೆಚ್ಚು ನಡೆಯಿತು ಎನ್ನುತ್ತದೆ ವರದಿ. ಸುಮಾರು ಹತ್ತು ಸಾವಿರ ಮುಸ್ಲಿಮರಿದ್ದ ಪೇಟೆಯಲ್ಲಿ ಸಮಿತಿ ಹೋದಾಗ ಇದ್ದವರು ಮೂರು ಸಾವಿರದಷ್ಟು ಮಾತ್ರ. ಹೆಂಗಸರನ್ನು ಹೊತ್ತೊಯ್ದದ್ದು, ಬಲವಂತದ ಮತಾಂತರ, ಮನೆ ಹೊಲಗಳನ್ನು ವಶಪಡಿಸಿಕೊಂಡದ್ದು ಎಲ್ಲವೂ ಅದರಲ್ಲಿದೆ. ಕೆಲವೆಡೆ ಸೈನಿಕರೂ ಪೊಲೀಸರೂ ಲೂಟಿಯಲ್ಲಿ, ಇನ್ನೂ ಕೆಟ್ಟದ್ದರಲ್ಲಿ ಕೈಜೋಡಿಸಿದರು ಎಂದೂ ಇದೆ. ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ಪಟೇಲರ ಆಕ್ಷೇಪವನ್ನೂ ಇಲ್ಲಿ ಹೇಳಬೇಕು: ಸಮಿತಿ ಹೋದದ್ದು ಸೌಹಾರ್ದಕ್ಕಾಗಿ, ವಿಚಾರಣೆಗಲ್ಲ, ರಜಾಕಾರರ ಕೃತ್ಯಗಳಿಗೆ ತಕ್ಕ ತೂಕ ಕೊಟ್ಟಿಲ್ಲ ಎಂದರು ಅವರು. ಆಕ್ಷೇಪವಿದ್ದರೆ ವರದಿ ಮತ್ತು ಆಕ್ಷೇಪ ಎರಡನ್ನೂ ಅಚ್ಚು ಹಾಕಿ ಜನರ ಮುಂದೆ ಇಡಬಹುದಿತ್ತು. ಇಡಲಿಲ್ಲ. ದಶಕಗಳ ಕಾಲ ಅದರ ತುಣುಕುಗಳಷ್ಟೇ ವಿದ್ವಾಂಸರ ಕೈಗೆ ಸಿಕ್ಕವು. ಲೇಖಕ ಎ. ಜಿ. ನೂರಾನಿಯವರು ಅದನ್ನು 2013ರಲ್ಲಿ ತಮ್ಮ ಪುಸ್ತಕದ ಜೊತೆ ಅಚ್ಚು ಹಾಕಿದರು. ಹಿಂದೆ ನೆಹರೂ ಸ್ಮಾರಕ ಗ್ರಂಥಾಲಯ ಎನಿಸಿಕೊಂಡಿದ್ದ ದಿಲ್ಲಿಯ ಗ್ರಂಥಾಲಯದಲ್ಲಿ ಈಗ ಯಾರು ಬೇಕಾದರೂ ಓದಬಹುದು. ಓದಬಹುದಾದ್ದನ್ನು ಓದದೇ ಇರುವ ಹೊಣೆ ಇನ್ನು ಸರ್ಕಾರದ್ದಲ್ಲ, ನಮ್ಮದು.

ಇನ್ನೊಂದು ತೊಡಕು ಇದೆ. ಅದು ಭೂಗೋಳದ್ದು. ವರದಿ ಹೇಳುವ ಬೀದರ್ ಇಂದಿನ ಬೀದರ್ ಅಲ್ಲ. ಆಗ ಉದಗೀರ್, ನಿಲಂಗಾ, ಅಹಮದ್‌ಪುರ ಬೀದರ್ ಜಿಲ್ಲೆಯವು. ಜಹೀರಾಬಾದ್, ನಾರಾಯಣಖೇಡವೂ ಬೀದರಿನವೇ. ತಾಂಡೂರು, ಕೊಡಂಗಲ್ ಗುಲ್ಬರ್ಗದವು. ಲಾತೂರು ಉಸ್ಮಾನಾಬಾದಿನದು. 1956ರ ನವೆಂಬರ್ 1ರಂದು ಈ ಜಿಲ್ಲೆಗಳನ್ನು ಭಾಷೆಯ ಪ್ರಕಾರ ಬಿಡಿಸಿ ಮೈಸೂರಿಗೆ, ಮುಂಬೈಗೆ, ಆಂಧ್ರಕ್ಕೆ ಹಂಚಿದರು. ಹಂಚಿದ್ದು ಸರಿ, ನಾವೇ ಬೇಡಿದ್ದೆವು. ಆದರೆ ಹಳೆಯ ಜಿಲ್ಲೆಯೇ ನಕಾಶೆಯಿಂದ ಹೋದ ಮೇಲೆ ಅಲ್ಲಿ ಸತ್ತವರ ಲೆಕ್ಕ ಯಾವ ರಾಜ್ಯದ್ದು? ಬೆಂಗಳೂರಿಗೆ ಅದು ನಿಜಾಮನ ಕಾಲದ ಮಾತು, ಮುಂಬೈಗೆ ಮರಾಠವಾಡದ ಮೂಲೆಯ ಮಾತು, ಹೈದರಾಬಾದಿಗೆ ಗಡಿಯಾಚೆಯ ಮಾತು. ಇಂದು ತಾಂಡೂರಿನ ಬಗ್ಗೆ ಕಲಬುರಗಿಯಲ್ಲಿ ಕೇಳಿದರೆ ತೆಲಂಗಾಣಕ್ಕೆ ಹೋಗಿ ಎನ್ನುತ್ತಾರೆ. ಹೈದರಾಬಾದಿನಲ್ಲಿ ಕೇಳಿದರೆ ಆಗ ಅದು ನಮ್ಮದಾಗಿರಲಿಲ್ಲ ಎನ್ನುತ್ತಾರೆ.

ಹೀಗೆ ಜಿಲ್ಲೆಯೂ ಹೋಗಿ ಜನವೂ ಹೋದ ಇನ್ನೊಂದು ನಾಡಿನವರು ಏನು ಮಾಡಿದರು ಎಂಬುದನ್ನು ನಾವು ನೋಡಬೇಕು. ಅರ್ಮೇನಿಯನ್ನರ ಮಾತು ಹೇಳುತ್ತಿದ್ದೇನೆ. ಹೈದರಾಬಾದಿಗೆ ಅವರು ಹೊಸಬರೇನಲ್ಲ. ಹಳೇ ನಗರದಾಚೆ ಉಪ್ಪುಗೂಡದಲ್ಲಿ ಅವರ ಒಂದು ಸ್ಮಶಾನವಿದೆ. ಗೋಲ್ಕೊಂಡದ ಸುಲ್ತಾನರ ಕಾಲದಲ್ಲಿ ವ್ಯಾಪಾರಕ್ಕೆ ಬಂದವರ ಗೋರಿಗಳ ಮೇಲೆ ಅರ್ಮೇನಿಯನ್ ಲಿಪಿಯ ಬರಹ ಇನ್ನೂ ಉಳಿದಿದೆ. ಮದರಾಸಿನಲ್ಲಿ 1794ರಲ್ಲಿ ಅವರ ಒಬ್ಬ ಪಾದ್ರಿ ಹೊರತಂದ 'ಅಜ್ದರಾರ್' ಅರ್ಮೇನಿಯನ್ ಭಾಷೆಯ ಮೊಟ್ಟಮೊದಲ ಪತ್ರಿಕೆ. ಅವರನ್ನು ಆಳಿದ ಒಟ್ಟೊಮಾನ್ ಮನೆತನಕ್ಕೂ ಈ ಊರಿನ ನಂಟಿದೆ: ಕೊನೆಯ ಖಲೀಫನ ಮಗಳು ದುರ್ರುಶೆಹ್ವಾರ್ 1931ರಲ್ಲಿ ನಿಜಾಮನ ಹಿರಿಮಗನನ್ನು ಮದುವೆಯಾಗಿ ಬಂದಳು, ಜೊತೆಗೆ ಬಂದ ನೀಲೂಫರ್ ಕಿರಿಮಗನ ಹೆಂಡತಿಯಾದಳು. ನೀಲೂಫರ್ ಹೆಸರಿನ ಆಸ್ಪತ್ರೆಯಲ್ಲಿ ಈ ಊರಿನ ಲಕ್ಷಾಂತರ ಮಕ್ಕಳು ಹುಟ್ಟಿದ್ದಾರೆ. ಆ ಸಾಮ್ರಾಜ್ಯದ ಪೂರ್ವ ಭಾಗದಲ್ಲಿ ಏನಾಗಿತ್ತು ಎಂಬುದು ಮಾತ್ರ ಇಲ್ಲಿನ ಅರಮನೆಯ ಕಥೆಗಳಲ್ಲಿ ಬರುವುದಿಲ್ಲ.

ನಮ್ಮಲ್ಲಿ ಸುಬಾ, ಜಿಲ್ಲಾ, ತಾಲೂಕು ಇದ್ದ ಹಾಗೆ ಅಲ್ಲಿ ವಿಲಾಯೆತ್, ಸಂಜಾಕ್, ಕಜಾ. ಎರ್ಜುರುಮ್, ವಾನ್, ಬಿಟ್ಲಿಸ್, ಖರ್ಪುತ್, ದಿಯಾರ್‌ಬಕಿರ್, ಸಿವಾಸ್ ಎಂಬ ಆರು ವಿಲಾಯೆತ್‌ಗಳಲ್ಲಿ ಅರ್ಮೇನಿಯನ್ನರು ತುರ್ಕರ ಜೊತೆ, ಕುರ್ದರ ಜೊತೆ ನೂರಾರು ವರ್ಷ ಬಾಳಿದ್ದರು. ಪಶ್ಚಿಮದಲ್ಲಿ, ದಕ್ಷಿಣದ ಸಿಲಿಸಿಯಾದಲ್ಲಿ ಕೂಡ ಇದ್ದರು. ಮೊದಲ ಮಹಾಯುದ್ಧದ ಮುಂಚೆ ಅವರ ಧರ್ಮಪೀಠ ಮಾಡಿಸಿದ ಗಣತಿಯಲ್ಲಿ ಸುಮಾರು 19 ಲಕ್ಷ ಜನ, 2,925 ಊರು, 2,538 ಚರ್ಚು, 451 ಮಠ, 1,996 ಶಾಲೆ ಲೆಕ್ಕಕ್ಕೆ ಬಂದಿದ್ದವು. 1915ರ ಏಪ್ರಿಲ್ 24ರ ರಾತ್ರಿ ಇಸ್ತಾನ್‌ಬುಲ್‌ನಲ್ಲಿ ಅವರ ಲೇಖಕರು, ವೈದ್ಯರು, ಸಂಸದರನ್ನು ಹಿಡಿದರು. ಮೇ ತಿಂಗಳಲ್ಲಿ ಗಡೀಪಾರಿನ ಕಾನೂನು ಬಂತು. ಕಜಾದಿಂದ ಕಜಾಕ್ಕೆ ತಂತಿ ಹೋಯಿತು. ಗಂಡಸರನ್ನು ಊರಾಚೆ ಕೊಂದರು, ಹೆಂಗಸರು ಮಕ್ಕಳನ್ನು ಸಿರಿಯಾದ ಮರುಭೂಮಿಯ ಕಡೆ ನಡೆಸಿದರು. ದೈರ್ ಎಜ್-ಝೋರ್ ತಲುಪಿದವರಲ್ಲೂ ಬಹುಪಾಲು ಉಳಿಯಲಿಲ್ಲ. ಸತ್ತವರು ಹತ್ತು ಲಕ್ಷದ ಆಸುಪಾಸು ಎನ್ನುವ ಇತಿಹಾಸಕಾರರಿದ್ದಾರೆ, ಹದಿನೈದು ಲಕ್ಷ ಎನ್ನುವವರೂ ಇದ್ದಾರೆ. ಆಮೇಲೆ ಊರಿನ ಹೆಸರುಗಳನ್ನೂ ಬದಲಿಸಿದರು. ತುರ್ಕಿ ಗಣರಾಜ್ಯ 1950ರ ದಶಕದಲ್ಲಿ ಅದಕ್ಕಾಗಿಯೇ ಒಂದು ಆಯೋಗ ಕೂರಿಸಿ ಸಾವಿರಾರು ಹಳ್ಳಿಗಳಿಗೆ ಹೊಸ ಹೆಸರಿಟ್ಟಿತು.

ನೆಲವೂ ಹೋಯಿತು, ಹೆಸರೂ ಹೋಯಿತು. ಉಳಿದವರು ಬೈರೂತ್, ಅಲೆಪ್ಪೊ, ಪ್ಯಾರಿಸ್, ಬಾಸ್ಟನ್, ಫ್ರೆಸ್ನೊ ಎಂದು ಚದುರಿದರು. ಅಲ್ಲಿ ದರ್ಜಿಗಳಾಗಿ, ಚಮ್ಮಾರರಾಗಿ, ಕಾರ್ಖಾನೆಯ ಕೂಲಿಗಳಾಗಿ ದುಡಿಯುತ್ತ, ಸಂಜೆ ಊರಿನವರೆಲ್ಲ ಕೂಡಿ ಪುಸ್ತಕ ಬರೆದರು. ಖರ್ಪುತ್‌ನವರು ಖರ್ಪುತ್‌ನದು, ಮರಾಶ್‌ನವರು ಮರಾಶ್‌ನದು, ಸಿವಾಸ್‌ನವರು ಸಿವಾಸ್‌ನದು. ಒಂದೊಂದು ಸಾವಿರ ಪುಟದಷ್ಟು ದಪ್ಪ. ಯಾವ ಓಣಿಯಲ್ಲಿ ಯಾರ ಮನೆ, ನೀರಿನ ಬುಗ್ಗೆ ಎಲ್ಲಿ, ಗಿರಣಿ ಯಾರದು, ಮದುವೆಯಲ್ಲಿ ಏನು ಹಾಡುತ್ತಿದ್ದರು, ಅಡುಗೆಗೆ ಏನು ಹಾಕುತ್ತಿದ್ದರು, ಯಾರನ್ನು ಯಾವ ಅಡ್ಡ ಹೆಸರಿನಿಂದ ಕರೆಯುತ್ತಿದ್ದರು ಎಲ್ಲವನ್ನೂ ದಾಖಲಿಸಿದರು. ನೆನಪಿನಿಂದಲೇ ನಕಾಶೆ ಬಿಡಿಸಿದರು. ಬೈರೂತಿನ ಒಂದು ಕೇರಿಗೆ ಹೊಸ ಮರಾಶ್ ಎಂದು ಹೆಸರಿಟ್ಟರು, ಯೆರೆವಾನಿನ ಬಡಾವಣೆಗಳಿಗೆ ಅರಬ್‌ಕಿರ್, ಮಲಾತ್ಯ, ಸೆಬಾಸ್ತಿಯಾ ಎಂದಿಟ್ಟರು. 1992ರಲ್ಲಿ ಪ್ಯಾರಿಸ್ಸಿನಲ್ಲಿ ಇಬ್ಬರು ವಿದ್ವಾಂಸರು ಆ ಹಳೆಯ ಗಣತಿಯನ್ನು ಊರೂರಿನ ವಿವರ ಸಮೇತ ದೊಡ್ಡ ಗ್ರಂಥವಾಗಿ ತಂದರು. 2010ರಿಂದ ಬರ್ಲಿನ್ನಿನಲ್ಲಿ 'ಹೂಷಾಮಾದ್ಯಾನ್' ಎಂಬ ಬಳಗ ಕಜಾ ಕಜಾ ಹಿಡಿದು ಅವರ ದಿನನಿತ್ಯದ ಬದುಕನ್ನು ಜೋಡಿಸುತ್ತಿದೆ.

ಇದನ್ನು ಓದಿದಾಗ ನನಗೆ ನಮ್ಮ ಕಲ್ಯಾಣ ನೆನಪಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕೊಲೆಗೆ ಹೆದರದೆ ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆ ನಡೆದ ಶರಣರ ವಾರಸುದಾರರು ನಾವು ಎಂದು ಎದೆಯುಬ್ಬಿಸುತ್ತೇವೆ. ಬರೆದಿಟ್ಟದ್ದು ಉಳಿಯಿತು ಎಂಬುದನ್ನು ನಮಗಿಂತ ಚೆನ್ನಾಗಿ ಯಾರು ಬಲ್ಲರು? ಅದೇ ಕಲ್ಯಾಣದ ಸುತ್ತ 1948ರಲ್ಲಿ ಸತ್ತವರ ಹೆಸರಿನ ಒಂದು ಹಾಳೆಯೂ ನಮ್ಮ ಹತ್ತಿರ ಇಲ್ಲ.

ಹೋಲಿಕೆಯ ಮಿತಿ ನನಗೆ ಗೊತ್ತು. ಒಟ್ಟೊಮಾನ್ ಸರ್ಕಾರ ಒಂದು ಜನಾಂಗವನ್ನು ಇಡಿಯಾಗಿ ಕಿತ್ತು ಹಾಕಲು ತಾನೇ ಆಜ್ಞೆ ಹೊರಡಿಸಿತು. ದಿಲ್ಲಿ ಹಾಗೆ ಮಾಡಲಿಲ್ಲ. ಸಮಿತಿ ಕಳಿಸಿದ್ದೂ ದಿಲ್ಲಿಯೇ. ನಮ್ಮ ಜಿಲ್ಲೆಗಳಲ್ಲಿ ಮುಸ್ಲಿಮರು ಇಂದಿಗೂ ಇದ್ದಾರೆ, ಕಲಬುರಗಿಯ ಬಂದೇ ನವಾಜ್ ಉರುಸಿಗೆ ಎಲ್ಲ ಜಾತಿಯ ಜನ ಸೇರುತ್ತಾರೆ. ಅರ್ಮೇನಿಯನ್ನರದು ದೊಡ್ಡದು, ನಮ್ಮದು ಚಿಕ್ಕದು ಎಂದು ತೂಗಿ ನೋಡಿ ಸುಮ್ಮನಾಗುವವರಿದ್ದರೆ ಅವರಿಗೊಂದು ಪ್ರಶ್ನೆ: ಇಪ್ಪತ್ತೇಳು ಸಾವಿರ ಯಾವ ತಕ್ಕಡಿಯಲ್ಲಿ ಚಿಕ್ಕದು? ನಾನು ಅವರಿಂದ ಕಲಿಯಬೇಕು ಎನ್ನುವುದು ಹಟ ಹಿಡಿದು ಊರೂರು ಬರೆದಿಟ್ಟ ಆ ಕೆಲಸವನ್ನು. ದುಃಖ ಅಳೆಯುವ ಕೋಲಿಗಾಗಿ ಅವರ ಹತ್ತಿರ ಹೋಗಬೇಕಿಲ್ಲ.

ಊರಲ್ಲಿ ಹಿರಿಯರ ಮುಂದೆ ಈ ಮಾತೆತ್ತಿದರೆ ಸಿಗುವ ಉತ್ತರ ನಿಮಗೂ ಗೊತ್ತಿರುತ್ತದೆ. 'ಆ ಮಾತು ಈಗ್ಯಾಕ ಬೇಕು ತಮ್ಮಾ, ಆಗಿದ್ದು ಆಗಿ ಹೋಯ್ತು.' ಕೇಳಿದವನ ಬಾಯಿ ಮುಚ್ಚಿಸುವ ಮಾತಾದರೂ, ಅದರಲ್ಲಿ ಪ್ರೀತಿಯೂ ಇದೆ, ಹೆದರಿಕೆಯೂ ಇದೆ. ಕೊಂದವನ ಮೊಮ್ಮಗ, ಸತ್ತವನ ಮೊಮ್ಮಗ ಒಂದೇ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವ ಊರಿನಲ್ಲಿ ಸುಮ್ಮನಿರುವುದೇ ಎಷ್ಟೋ ವರ್ಷ ಶಾಂತಿಯನ್ನು ಕಾಪಾಡಿತು ಎಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಈಗ ಸುಮ್ಮನಿರುವವರು ಯಾರು? ರಜಾಕಾರರ ಹಾವಳಿಯ ಬಗ್ಗೆ ಸಿನಿಮಾ ಬರುತ್ತಿದೆ, ಚುನಾವಣೆಯ ಭಾಷಣ ಬರುತ್ತಿದೆ, ಮೊಬೈಲಿನಲ್ಲಿ ದಿನವೂ ವಿಡಿಯೋ ಬರುತ್ತಿದೆ. ಅರ್ಧ ಕಥೆ ಜೋರಾಗಿ ಕೂಗುತ್ತಿದೆ, ಇನ್ನರ್ಧಕ್ಕೆ ಮಾತ್ರ ಹಳೆಯ ಗಾಯ ಕೆದಕಬೇಡಿ ಎಂಬ ಬುದ್ಧಿವಾದ. ಇದನ್ನು ಶಾಂತಿ ಎಂದು ಕರೆಯಲು ನನಗೆ ನಾಲಗೆ ಬರುವುದಿಲ್ಲ.

ಗೋರ್ಟಾದ ಸತ್ತವರಿಗೂ ಇದರಿಂದ ನ್ಯಾಯ ಸಿಗುತ್ತಿಲ್ಲ ಎಂದೇ ನನ್ನ ಅನಿಸಿಕೆ. ಅವರನ್ನು ಎದುರಿನವರ ಮೇಲೆ ಎಸೆಯುವ ಕಲ್ಲಾಗಿ ಮಾಡಿದ್ದೇವೆ. ಅವರ ಮನೆಗಳು, ಮಕ್ಕಳು, ಬಾಳುವೆ ಯಾರಿಗೂ ಬೇಕಿಲ್ಲ. ಸಂಖ್ಯೆ ಮಾತ್ರ ಬೇಕು. ಒಬ್ಬೊಬ್ಬರ ಹೆಸರನ್ನು ಕೇಳಿ ಬರೆದರೆ ಗೋರ್ಟಾ ಮತ್ತೆ ಜನ ಬಾಳಿದ ಊರಾಗುತ್ತದೆ. ಆಗ ಅಲ್ಲಿಂದ ಕೆಲವೇ ಹರದಾರಿ ದೂರದಲ್ಲಿ, ಕೆಲವೇ ತಿಂಗಳ ನಂತರ ಸತ್ತ ಪಿಂಜಾರನ ಹೆಸರು ಬರೆಯಲು ಕೈ ನಡುಗುವುದಿಲ್ಲ.

ಬರೆಯುವಾಗ ಇನ್ನೊಂದು ಪಟ್ಟಿಯೂ ತಾನಾಗಿ ಬೆಳೆಯುತ್ತದೆ, ಕಾಪಾಡಿದವರದು. ಸುಂದರಲಾಲ್ ವರದಿಯಲ್ಲಿ ಮನಸ್ಸು ಹಿಡಿದು ನಿಲ್ಲಿಸುವ ಒಂದು ಭಾಗವಿದೆ. ಎಷ್ಟೋ ಕಡೆ ಹಿಂದೂಗಳು ತಮ್ಮ ಪ್ರಾಣ ಒತ್ತೆಯಿಟ್ಟು ನೆರೆಯ ಮುಸ್ಲಿಮರನ್ನು ಬಚ್ಚಿಟ್ಟರು. ಒಂದೇ ಕಸುಬಿನವರಲ್ಲಿ ಈ ಒಡನಾಟ ಹೆಚ್ಚು ಕಂಡಿತು. ಹಿಂದೂ ನೇಕಾರರು ಮುಸ್ಲಿಮ ನೇಕಾರರ ಪರ ನಿಂತು ತಾವೇ ಸತ್ತದ್ದೂ ಉಂಟು ಎನ್ನುತ್ತದೆ ಅದು. ಆ ನೇಕಾರರು ಯಾರು? ಯಾವ ಊರು? ಯಾವ ವೃತ್ತದಲ್ಲಿ ಅವರ ಪುತ್ಥಳಿ ಇದೆ? ತುರ್ಕಿಯಲ್ಲೂ ಅಂಥವರಿದ್ದರು. ದಿಯಾರ್‌ಬಕಿರ್ ಸೀಮೆಯ ಲೀಜೆ ಎಂಬ ಕಜಾದಲ್ಲಿ ಹುಸೇನ್ ನೆಸೀಮಿ ಎಂಬ ಅಧಿಕಾರಿಯಿದ್ದ, ನಮ್ಮ ತಹಶೀಲ್ದಾರನ ದರ್ಜೆಯವನು. ಅರ್ಮೇನಿಯನ್ನರ ಮೇಲೆ ಕೈ ಮಾಡಲಾರೆ ಎಂದ. ಮೇಲಧಿಕಾರಿ ಕರೆದಿದ್ದಾನೆಂದು ಹೊರಟವನನ್ನು 1915ರ ಜೂನ್‌ನಲ್ಲಿ ದಾರಿಯಲ್ಲೇ ಕೊಲ್ಲಿಸಿದರು. ಅಲೆಪ್ಪೊದ ಗವರ್ನರ್ ಜೆಲಾಲ್ ಬೇ ಗಡೀಪಾರಿಗೆ ಒಪ್ಪದೆ ಕೊನ್ಯಾಕ್ಕೆ ವರ್ಗವಾದ, ಅಲ್ಲೂ ಒಪ್ಪದೆ ಹುದ್ದೆ ಕಳೆದುಕೊಂಡ. ಇವರ ಹೆಸರು ನಮಗೆ ಸಿಗುವುದು ಅಲ್ಲಿ ನಡೆದದ್ದನ್ನು ಬರೆದಿಟ್ಟದ್ದರಿಂದ. ಸತ್ತವರ ಪಟ್ಟಿ ಇಲ್ಲದ ಕಡೆ ಕಾಪಾಡಿದವರೂ ಅನಾಮಿಕರಾಗಿಯೇ ಉಳಿಯುತ್ತಾರೆ. ವರದಿಯ ಆ ನೇಕಾರರಿಗೆ ನಾವು ಮಾಡಿದ ಅವಮಾನ ಇದು.

ಹೆಂಗಸರ ಮಾತು ಇನ್ನೂ ಸೂಕ್ಷ್ಮ. ಇಸ್ತಾನ್‌ಬುಲ್‌ನ ವಕೀಲೆ ಫೆತಿಯೆ ಚೆತಿನ್ 2004ರಲ್ಲಿ ತಮ್ಮ ಅಜ್ಜಿಯ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದರು. ಸೆಹೆರ್ ಎಂಬ ತುರ್ಕಿ ಮುಸ್ಲಿಮ ಅಜ್ಜಿ ಮುಪ್ಪಿನಲ್ಲಿ ಮೊಮ್ಮಗಳನ್ನು ಪಕ್ಕಕ್ಕೆ ಕರೆದು ಹೇಳಿದ್ದು: ತನ್ನ ನಿಜವಾದ ಹೆಸರು ಹೆರಾನುಷ್, ಊರು ಹಬಾಬ್, ಗಡೀಪಾರಿನ ದಾರಿಯಲ್ಲಿ ಅಮ್ಮನ ಕೈಯಿಂದ ಒಬ್ಬ ಪೊಲೀಸಿನವ ಕಿತ್ತುಕೊಂಡು ಸಾಕಿದ ಹುಡುಗಿ ತಾನು ಎಂದು. ಪುಸ್ತಕ ಬಂದದ್ದೇ ತಡ ತುರ್ಕಿಯ ನೂರಾರು ಮನೆಗಳಲ್ಲಿ ಮೊಮ್ಮಕ್ಕಳು ತಂತಮ್ಮ ಅಜ್ಜಿಯರ ಬಗ್ಗೆ ಕೇಳತೊಡಗಿದರು. ನಮ್ಮ ವರದಿಯಲ್ಲೂ ಹೊತ್ತೊಯ್ದ ಹೆಂಗಸರು, ಹೆಸರು ಬದಲಾದ ಮಕ್ಕಳು ಬರುತ್ತಾರೆ. ಅವರು ಎಲ್ಲಿ ಹೋದರು? ಯಾರ ಮನೆಯ ಸೊಸೆಯಾದರು? ಇದನ್ನು ಊರ ಕಟ್ಟೆಯ ಮೇಲೆ ಕೇಳಬೇಡಿ, ಮೊಬೈಲಿನಲ್ಲಿ ಹಂಚಬೇಡಿ. ಆದರೆ ಮನೆಯಲ್ಲಿ ಯಾರಾದರೂ ಹೇಳಲು ಬಾಯಿ ತೆರೆದರೆ ಟಿವಿ ಆರಿಸಿ ಕೇಳಿ. ಹೇಳಿದ್ದನ್ನು ಬರೆಯಬೇಕೋ ಬೇಡವೋ ಎಂಬುದು ಅವರ ತೀರ್ಮಾನ.

ಎಲ್ಲವನ್ನೂ 1948ರ ಲೆಕ್ಕಕ್ಕೆ ಜಮಾ ಮಾಡುವ ಚಪಲವೂ ಬೇಡ. ಮೊಹರಮ್ಮಿಗೆ ನಮ್ಮ ಕಡೆ ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಅಲಾಯಿ ಕುಣಿ ತೋಡಿ, ದೇವರು ಕೂಡಿಸಿ, ರಿವಾಯತ ಪದ ಹಾಡುತ್ತಾರೆ. ಒಂದು ಮನೆಯೂ ಇಲ್ಲದ್ದಕ್ಕೆ ಕಾರಣ ಬೇರೆ ಬೇರೆ. ಕೆಲವು ಊರಲ್ಲಿ ಅವರು ಮೊದಲೇ ಇರಲಿಲ್ಲ; ಕೆಲವರು ಬರಗಾಲಕ್ಕೆ, ಕೂಲಿಗೆ ಪೇಟೆ ಸೇರಿದರು; ಕೆಲವರು 1948ರಲ್ಲಿ ಜೀವ ಉಳಿಸಿಕೊಳ್ಳಲು ಹೈದರಾಬಾದಿಗೆ ಓಡಿ ಬಂದು ಮರಳಲಿಲ್ಲ. ಯಾವ ಊರು ಯಾವ ಸಾಲಿಗೆ ಎಂಬುದನ್ನು ಊಹಿಸಬಾರದು, ಕೇಳಬೇಕು, ದಾಖಲೆ ತೆಗೆದು ನೋಡಬೇಕು. 1941ರ ಗಣತಿ ಇದೆ, 1951ರ ಗಣತಿ ಇದೆ. ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ನಿಜಾಮರ ಕಾಲದ ಉರ್ದು, ಫಾರಸಿ ಕಡತಗಳು ರಾಶಿ ಬಿದ್ದಿವೆ. ಕೊಂಡಾಪುರದಿಂದ ಮೆಟ್ರೊ, ಆಟೊ ಹಿಡಿದರೆ ಮಧ್ಯಾಹ್ನದೊಳಗೆ ತಲುಪುವ ದೂರ. ನಮ್ಮಲ್ಲಿ ಉರ್ದು ಓದುವ ಗೆಳೆಯರಿದ್ದಾರೆ. ದತ್ತಾಂಶ ಜೋಡಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರು ಈ ಬಡಾವಣೆಯಲ್ಲಿ ಪ್ರತಿ ಮಹಡಿಗೂ ಸಿಗುತ್ತಾರೆ. ದೂರದ ದೇಶದ ಬ್ಯಾಂಕಿಗೆ ಕೋಟಿ ಸಾಲುಗಳ ಪಟ್ಟಿ ಹೊಂದಿಸಿ ಕೊಡುವವರಿಗೆ ತಮ್ಮ ಹಳೆಯ ಜಿಲ್ಲೆಯ ಊರುಗಳ ಪಟ್ಟಿ ಮಾಡುವುದು ಕಷ್ಟವೇ?

ಸಂಸ್ಥೆಗಳ ಮುಂದೂ ನನ್ನ ಬೇಡಿಕೆಯಿದೆ. ಗುಲ್ಬರ್ಗ ವಿಶ್ವವಿದ್ಯಾಲಯ, ಆಳಂದ ರಸ್ತೆಯ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇವು ತಮ್ಮ ವಿದ್ಯಾರ್ಥಿಗಳನ್ನು ಒಂದು ಬೇಸಿಗೆಗೆ ಹಳೆಯ ಬೀದರ್, ಗುಲ್ಬರ್ಗ, ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳಿಗೆ ಕಳಿಸಲಿ. ರಾಜ್ಯದ ಗಡಿ ನೋಡಬಾರದು. ಉದಗೀರಿನಲ್ಲೂ ಜಹೀರಾಬಾದಿನಲ್ಲೂ ಕನ್ನಡ ಬಲ್ಲವರು ಇನ್ನೂ ಇದ್ದಾರೆ. ಸುಂದರಲಾಲ್ ವರದಿ, ಅದಕ್ಕೆ ಪಟೇಲರ ಆಕ್ಷೇಪ, ರಜಾಕಾರರಿಂದ ನೊಂದವರ ಹೇಳಿಕೆಗಳು ಮೂರನ್ನೂ ಒಂದೇ ರಟ್ಟಿನೊಳಗೆ ಕನ್ನಡದಲ್ಲಿ ತಂದು ನಮ್ಮ ಕಡೆಯ ಪ್ರತಿ ತಾಲೂಕು ಗ್ರಂಥಾಲಯದಲ್ಲಿ ಇಡಲಿ. ಕಲ್ಯಾಣ ಕರ್ನಾಟಕದ ಹೆಸರಿನಲ್ಲಿ ಪ್ರತಿ ವರ್ಷ ಬರುವ ಸಾವಿರಾರು ಕೋಟಿಯ ಮುಂದೆ ಇದಕ್ಕೆ ತಗಲುವುದು ಏನೇನೂ ಅಲ್ಲ.

ಯಾರ ಮೊಮ್ಮಗನನ್ನೂ ಕಟಕಟೆಗೆ ಏರಿಸಲು ಇದನ್ನು ಕೇಳುತ್ತಿಲ್ಲ. ಕೊಂದವರ ಹೆಸರು ಪುಸ್ತಕದಲ್ಲಿ ಬೇಡ ಎಂದೇ ನನ್ನ ಸಲಹೆ. ಅದರ ಬಗ್ಗೆ ಜಗಳವಾದರೆ ಆಗಲಿ, ಪುಸ್ತಕ ಶುರುವಾದ ಮೇಲೆ ಆಗಲಿ. ತುರ್ಕರಿಗೂ ಅರ್ಮೇನಿಯನ್ನರಿಗೂ ಒಂದೇ ಮೇಜಿನ ಮುಂದೆ ಕೂತು ಮಾತಾಡಿ ಎಂದು ಹೇಳುತ್ತ ಬದುಕಿದ ಒಬ್ಬ ಅರ್ಮೇನಿಯನ್ ಪತ್ರಕರ್ತ ತುರ್ಕಿಯಲ್ಲಿದ್ದ. 1996ರಲ್ಲಿ 'ಆಗೋಸ್' ಪತ್ರಿಕೆ ಕಟ್ಟಿದ ಹ್ರಾಂಟ್ ದಿಂಕ್‌ಗೆ ಹನ್ನೊಂದು ವರ್ಷ ಕೂಡ ಸಿಗಲಿಲ್ಲ. 2007ರ ಜನವರಿ 19ರಂದು ಕಚೇರಿಯ ಮುಂದೆಯೇ ಗುಂಡಿಕ್ಕಿದರು. ಅವನ ಶವದ ಹಿಂದೆ ಇಸ್ತಾನ್‌ಬುಲ್‌ನ ರಸ್ತೆಯಲ್ಲಿ ನಡೆದ ಲಕ್ಷದಷ್ಟು ಜನರಲ್ಲಿ ಹೆಚ್ಚಿನವರು ತುರ್ಕರು. ನಮ್ಮಲ್ಲಿ ಇದನ್ನು ಬರೆಯಲು ಹೊರಟವರಿಗೆ ಗುಂಡು ಬೀಳುವ ಭಯವಿಲ್ಲ, ಹೆಚ್ಚೆಂದರೆ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ಬೈಗುಳ ಬಿದ್ದೀತು. ಅಷ್ಟನ್ನೂ ತಾಳಲಾರೆವೇ?

ಆದ್ದರಿಂದ ಕೊಂಡಾಪುರದ, ಮಿಯಾಪುರದ, ಗಚ್ಚಿಬೌಲಿಯ ನನ್ನ ಕಡೆಯ ಗೆಳೆಯರೇ, ಗೆಳತಿಯರೇ, ಒಂದು ದಪ್ಪ ನೋಟ್‌ಬುಕ್ ಕೊಳ್ಳಿ. ಮೇಲೆ ಊರಿನ ಹೆಸರು, ಅದರ ಕೆಳಗೆ 1948ರ ತಾಲೂಕು, 1948ರ ಜಿಲ್ಲೆ ಬರೆಯಿರಿ. ಅಜ್ಜ, ಅಮ್ಮಮ್ಮ, ಊರಿನ ಮುದುಕಿ, ದರ್ಗಾದ ಮುಜಾವರ, ಮಠದ ಅಯ್ನೋರು, ಹೈದರಾಬಾದಿನ ಹಳೇ ನಗರದಲ್ಲಿ ಇನ್ನೂ 'ನಮ್ದು ಚಿಂಚೋಳಿ' ಎನ್ನುವ ಮುಸ್ಲಿಮ ಹಿರಿಯ, ಎಲ್ಲರ ಹತ್ತಿರ ಹೋಗಿ ಕೇಳಿ. ರಜಾಕಾರರಿಂದ ಹತರಾದವರನ್ನು ಬರೆಯಿರಿ, ರಜಾಕಾರರೆಂದು ಹತರಾದವರನ್ನೂ ಬರೆಯಿರಿ, ಅಟ್ಟದ ಮೇಲೆ ಬಚ್ಚಿಟ್ಟು ಉಳಿಸಿದವರನ್ನು ತಪ್ಪದೇ ಬರೆಯಿರಿ. ಹೆಸರು ನೆನಪಿಲ್ಲದಿದ್ದರೆ ಕಸುಬು ಬರೆಯಿರಿ, ಅದೂ ಇಲ್ಲದಿದ್ದರೆ ಮನೆ ಯಾವ ಓಣಿಯಲ್ಲಿತ್ತು ಎಂದಾದರೂ ಬರೆಯಿರಿ. ಆಗ ಹತ್ತು ವರ್ಷದ ಮಕ್ಕಳಾಗಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಕೇಳುವುದಿದ್ದರೆ ಈ ರಜೆಗೆ ಊರಿಗೆ ಹೋದಾಗಲೇ ಕೇಳಿ.